ಬೆಳೆ ದಾಖಲೆ ಕಳುಹಿಸುವ ಮುನ್ನ: ಇಂಟರ್‌ನೆಟ್ ಸಂಪರ್ಕ ತಿಳಿಯುವ ಬಗೆ

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರು ತಮ್ಮ ಜಮೀನಿನ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ತಾವೇ ದಾಖಲಿಸಲು ಅವಕಾಶವಾಗಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರ ಮುಂತಾದವುಗಳಿಗೆ ಈ ದಾಖಲೆಗಳನ್ನು ಬಳಸುವುದರಿಂದ, ಹೊಲದಲ್ಲಿ ತೆಗೆದ ಚಿತ್ರ ಫೋನಿನಲ್ಲೇ ಉಳಿದುಹೋದರೆ ರೈತನಿಗೇ ನಷ್ಟ.

ಫೋನಿನ ಮೇಲ್ತುದಿಯ ಗೆರೆಗಳನ್ನು ನೋಡಿ ಇಂಟರ್‌ನೆಟ್ ಇದೆಯೆಂದು ತಿಳಿಯುವುದು ವಾಡಿಕೆ. ಇದು ಸರಿಯಲ್ಲ. ಆ ಗೆರೆಗಳು ಟವರಿನಿಂದ ಬರುವ ಸಂಕೇತದ ಬಲವನ್ನು ಮಾತ್ರ ತೋರಿಸುತ್ತವೆ. ನಾಲೆಯ ತೂಬು ತೆರೆದಿದ್ದರೂ ಕೊನೆಯ ಗದ್ದೆಗೆ ನೀರು ತಲುಪದಿರುವುದುಂಟಷ್ಟೆ, ಇದೂ ಹಾಗೆಯೇ.

ಆದುದರಿಂದ ಆಂಡ್ರಾಯ್ಡ್ ಫೋನುಗಳು ಜಾಲಕ್ಕೆ ಸೇರಿದಾಗ ಗೊತ್ತಾದ ವಿಳಾಸವೊಂದಕ್ಕೆ ಸಣ್ಣ ಕೋರಿಕೆ ಕಳುಹಿಸುತ್ತವೆ. 204 ಎಂಬ ಸಂಖ್ಯೆಯ ಬರಿದಾದ ಉತ್ತರ ಬಂದರೆ ದಾರಿ ಸರಿಯಿದೆ ಎಂದರ್ಥ. ವಸತಿಗೃಹ, ರೈಲು ನಿಲ್ದಾಣಗಳ ವೈಫೈಯಲ್ಲಿ ಮೊದಲು ಫೋನ್ ಸಂಖ್ಯೆ ಕೇಳುವ ಪುಟ ಬರುವುದುಂಟು. ಆಗ 204ರ ಬದಲು ಬೇರೆ ಉತ್ತರ ಸಿಗುವುದರಿಂದ ತಡೆಯಿರುವುದು ಫೋನಿಗೆ ತಿಳಿಯುತ್ತದೆ. ವಿಂಡೋಸ್ ಗಣಕಗಳು ಪುಟ್ಟ ಪಠ್ಯ ಕಡತವೊಂದನ್ನು ತರಿಸಿ ಹೋಲಿಸಿ ನೋಡುತ್ತವೆ.

ಇಷ್ಟಾದರೂ ಸಾಲದು. ಜಾಲ ಸರಿಯಿದ್ದೂ ದಾಖಲೆ ಸೇರಬೇಕಾದ ಸರ್ವರ್ ನಿಂತಿರಬಹುದು. ಪರೀಕ್ಷಿಸಿದ ಮರುಕ್ಷಣವೇ ಸಂಪರ್ಕ ಕಡಿದುಹೋಗಬಹುದು. ಚೆನ್ನಾಗಿ ರಚಿಸಿದ ಆ್ಯಪ್ ಮುಂಗಡ ಪರೀಕ್ಷೆಯೊಂದನ್ನೇ ನಂಬುವುದಿಲ್ಲ. ದಾಖಲೆಯನ್ನು ಮೊದಲು ಫೋನಿನಲ್ಲಿ ಉಳಿಸಿಕೊಂಡು ಅನಂತರ ಕಳುಹಿಸುತ್ತದೆ. ಸರ್ವರಿನಿಂದ ಸ್ವೀಕೃತಿ ಬರುವವರೆಗೆ ಅಳಿಸುವುದಿಲ್ಲ. ಉತ್ತರ ಬಾರದಿದ್ದರೆ ಪ್ರತಿ ಸಲವೂ ಅಂತರ ಹೆಚ್ಚಿಸುತ್ತ ಮತ್ತೆ ಯತ್ನಿಸುತ್ತದೆ. ಪ್ರತಿ ದಾಖಲೆಗೂ ಪ್ರತ್ಯೇಕ ಸಂಖ್ಯೆಯಿದ್ದರೆ ಅದು ಎರಡು ಸಲ ತಲುಪಿದರೂ ಒಂದೇ ಎಂದು ಲೆಕ್ಕವಾಗುತ್ತದೆ. ‘ಇಂಟರ್‌ನೆಟ್ ಇಲ್ಲ’ ಎಂದಷ್ಟೇ ಹೇಳಿ, ತುಂಬಿದ ವಿವರವನ್ನೆಲ್ಲ ಕಳೆದುಬಿಡುವ ಆ್ಯಪ್‌ಗಳೂ ಇಲ್ಲದಿಲ್ಲ. ಅಂಥವಕ್ಕಿಂತ ಕಾಗದದ ಪುಸ್ತಕವೇ ಮೇಲು!

ಹೊಲದ ಸ್ಥಾನ ಗುರುತಿಸುವ ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಅದು ಉಪಗ್ರಹಗಳ ಸಂಕೇತವನ್ನು ನೇರವಾಗಿ ಪಡೆಯುತ್ತದೆ. ಆದುದರಿಂದ ಜಾಲ ಸಿಗದ ಕಣಿವೆಯ ತೋಟಗಳಲ್ಲಿಯೂ, ದಾಖಲೆ ಉಳಿಸಿಕೊಳ್ಳುವ ಆ್ಯಪ್ ಆದರೆ, ಅಲ್ಲಿಯೇ ಚಿತ್ರ ತೆಗೆದು ಊರಿಗೆ ಬಂದು ಕಳುಹಿಸಬಹುದು. ಸ್ವೀಕೃತಿ ಬರುವ ಮೊದಲು ಆ್ಯಪನ್ನು ತೆಗೆದುಹಾಕಬಾರದು. ಫೋನಿನಲ್ಲಿ ಜಾಗವಿಲ್ಲವೆಂದು ಅದರ ಮಾಹಿತಿ ಅಳಿಸಲೂಬಾರದು.

ಹೊಸ ಆ್ಯಪನ್ನು ರೈತರಿಗೆ ಸೂಚಿಸುವ ಮುನ್ನ ವಿಸ್ತರಣಾ ಕಾರ್ಯಕರ್ತರು ಫೋನನ್ನು ಏರೋಪ್ಲೇನ್ ಮೋಡ್‌ಗೆ ತಂದು ಮಾದರಿ ದಾಖಲೆಯೊಂದನ್ನು ತುಂಬಬೇಕು. ಬಳಿಕ ಫೋನನ್ನು ಪೂರ್ಣ ಆರಿಸಿ, ಮತ್ತೆ ಚಾಲೂ ಮಾಡಿ, ದಾಖಲೆ ಉಳಿದಿದೆಯೇ ಎಂದು ನೋಡಬೇಕು.