ನಡು ಸವೆದ ಟೈರು, ನಡುಬೀದಿಯಲ್ಲಿ ಅಪ್ಪ-ಮಗನ ಜಗಳ!

ಹಾಸನ: ಶನಿವಾರ ಬೆಳಿಗ್ಗೆ ಬಿ.ಎಂ. ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಈ ದೃಶ್ಯ ಹೊಸದಲ್ಲ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟ ದೊಡ್ಡ ದೊಡ್ಡ ಬೈಕುಗಳು ಬೈಪಾಸ್ ಬಿಟ್ಟು ತಿಂಡಿಗೆಂದು ಊರೊಳಗೆ ನುಗ್ಗುತ್ತವೆ. ಇಡ್ಲಿ-ವಡೆ ಮುಗಿಸಿ ಸಕಲೇಶಪುರದ ದಾರಿ ಹಿಡಿಯುತ್ತವೆ. ಶೋಕಿಲಾಲರ ಪಾಡು, ನಮಗೇನು ಎಂದು ಜನ ಮುಖ ತಿರುಗಿಸುವುದೂ ಮಾಮೂಲು.

ಆದರೆ ಶೋಕಿ ಮನೆಯೊಳಗೇ ಬಂದು ಕೂತಾಗ ಏನು ಮಾಡುವುದು? ಕಟ್ಟಿನಕೆರೆ ಮಾರುಕಟ್ಟೆ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರಿಗೆ ಈಗ ಅದೇ ಗತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ನಾನೂರು ಸಿಸಿ ಹತ್ತಿರದ ಬೈಕು ಕೊಂಡಿದ್ದಾನೆ. ವಾರಕ್ಕೊಮ್ಮೆ ಅದರಲ್ಲೇ ಊರಿಗೆ ಬರುತ್ತಾನೆ. ಮೊನ್ನೆ ಬಂದವನು ಗಲ್ಲಾಪೆಟ್ಟಿಗೆ ಮುಂದೆ ನಿಂತು, "ಅಪ್ಪಾ, ಟೈರ್ ಹಾಕಿಸ್ಬೇಕು, ದುಡ್ಡು ಬೇಕು" ಅಂದ.

"ಬೈಕ್ ತಗೊಂಡು ವರ್ಷ ಆಗಿಲ್ಲ. ಆಗ್ಲೇ ಟೈರಾ? ನನ್ನ ಸ್ಕೂಟರ್ ಏಳು ವರ್ಷದಿಂದ ಅದೇ ಟೈರಲ್ಲಿ ಓಡ್ತಾ ಇದೆ ಕಣೋ!" ಎಂದು ಯಜಮಾನರು ಗುಡುಗಿದರು. ಮಾತಿಗೆ ಮಾತು ಬೆಳೆಯಿತು. ಅಕ್ಕಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಕಡೆಗೆ ಇಬ್ಬರೂ ಒಂದೇ ಹಟದಲ್ಲಿ ಟೈರ್ ಅಂಗಡಿಗೆ ಹೊರಟರು. ಟೈರ್ ಖೋಟಾ ಎಂದು ಸಾಬೀತು ಮಾಡುವುದು ಮಗನ ಹಟ. ಮಗನೇ ಖೋಟಾ ಎಂದು ಸಾಬೀತು ಮಾಡುವುದು ಅಪ್ಪನ ಹಟ!

ಬಸ್ಸಿನ ಮುಂದೆ ತಪ್ಪಿದ ಸಾವು

ಅಂಗಡಿಯ ಹಿರಿಯ ಮೇಸ್ತ್ರಿ ಬೈಕಿಗೆ ಕೈ ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಎಲ್ಲಾದ್ರೂ ಬಿದ್ಯೇನಪ್ಪಾ?"

ಹುಡುಗ ತಲೆ ತಗ್ಗಿಸಿದ. ಆಗ ಹೊರಬಿತ್ತು, ಅಪ್ಪನಿಗೆ ಹೇಳದೆ ಮುಚ್ಚಿಟ್ಟ ಸಂಗತಿ. ಹಿಂದಿನ ವಾರ ಮಳೆಯಲ್ಲಿ ಸಕಲೇಶಪುರದಾಚೆ ಘಾಟಿಯ ತಿರುವಿನಲ್ಲಿ ಬೈಕು ಮೊದಲು ಬಾಗಲೇ ಇಲ್ಲ. ಆಮೇಲೆ ಒಮ್ಮೆಲೇ ದಡಕ್ಕನೆ ವಾಲಿ, ಗೆರೆ ದಾಟಿ ಬಲಕ್ಕೆ ಹೋಯಿತು. ಎದುರಿಗೆ ಸರ್ಕಾರಿ ಬಸ್ಸು! ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಹುಡುಗ ಉಳಿದ. ಬಸ್ಸಿನಲ್ಲಿ ನಿಂತಿದ್ದವರೆಲ್ಲ ಮುಗ್ಗರಿಸಿ ಬಿದ್ದು ಬೈದರಂತೆ. ಬೈಯದೆ ಇನ್ನೇನು ಮಾಡುತ್ತಾರೆ?

ಯಜಮಾನರ ಬಾಯಿ ಅಲ್ಲಿಗೆ ಬಂದ್!

ಮೇಸ್ತ್ರಿ ಒಂದಡಿ ಉದ್ದದ ಸ್ಟೀಲ್ ಸ್ಕೇಲನ್ನು ಹಿಂದಿನ ಟೈರಿನ ಮೇಲೆ ಅಡ್ಡಲಾಗಿ ಇಟ್ಟರು. ಹೊಸ ಟೈರಾದರೆ ಸ್ಕೇಲು ನಡುವೆ ಮಾತ್ರ ತಾಗಿ ಎರಡೂ ಕಡೆ ತೂಗಾಡಬೇಕು. ಏಕೆಂದರೆ ಬೈಕಿನ ಟೈರು ದುಂಡಗಿರುತ್ತದೆ. ಇಲ್ಲಿ ಸ್ಕೇಲು ನಾಲ್ಕು ಬೆರಳಗಲ ಚಪ್ಪಟೆಯಾಗಿ ಕೂತಿತು. "ನೋಡಿ ಯಜಮಾನ್ರೇ, ಮಣೆ ಆಗೋಗಿದೆ. ದುಂಡಗಿದ್ರೆ ತಾನೇ ಬೈಕು ನಯವಾಗಿ ವಾಲೋದು? ಇದು ಮಣೆ ಅಂಚು ಹತ್ತಿ ಆಚೆಗೆ ಬೀಳುತ್ತೆ. ನಿಮ್ಮ ಮಗ ಬಸ್ಸಿನ ಮುಂದೆ ಹೋಗಿದ್ದು ಹಿಂಗೆ."

ಕಳ್ಳ ಯಾರು?

ಹಾಗಾದರೆ ಟೈರು ಖೋಟಾವೇ? ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್. ಹೋಗಿ ಬಂದರೆ 370. ಇಪ್ಪತ್ತಾರು ವಾರಕ್ಕೆ 9,620 ಕಿಲೋಮೀಟರ್ ಆಯಿತು. ನೆಲಮಂಗಲದಿಂದ ಇತ್ತ ಬಹುಪಾಲು ನೇರ ರಸ್ತೆ. ನೇರ ರಸ್ತೆಯಲ್ಲಿ ನೆಲಕ್ಕೆ ತಾಗುವುದು ಟೈರಿನ ನಡುಭಾಗ ಮಾತ್ರ. ಅಂಚು ಹೊಸದಾಗಿಯೇ ಉಳಿಯುತ್ತದೆ, ನಡು ಸವೆದು ಹೋಗುತ್ತದೆ. ಎಂಜಿನ್ನಿನ ಎಳೆತ ಬೀಳುವುದು ಹಿಂದಿನ ಚಕ್ರದ ಮೇಲಾದ್ದರಿಂದ ಮೊದಲು ಸಾಯುವುದೂ ಅದೇ.

ಇನ್ನೊಂದು ಕಳ್ಳ ಗಾಳಿ. ಮೇಸ್ತ್ರಿ ಗೇಜ್ ಹಾಕಿ ನೋಡಿದರೆ ಚೈನಿನ ಬಳಿಯ ಚೀಟಿಯಲ್ಲಿ ಬರೆದಿದ್ದಕ್ಕಿಂತ ಹತ್ತು ಪೌಂಡ್ ಕಡಿಮೆ! ಗಾಳಿ ಕಡಿಮೆಯಾದರೆ ಟೈರು ಹೊರಳಾಡಿ ಕಾಯುತ್ತದೆ, ಕಾದ ರಬ್ಬರ್ ಬೇಗ ಸವೆಯುತ್ತದೆ. ಹಾಗೆಂದು ಕಲ್ಲಿನಂತೆ ಗಾಳಿ ತುಂಬಿದರೂ ತಪ್ಪೇ. ನೆಲಕ್ಕೆ ತಾಗುವ ಜಾಗ ಕಿರಿದಾಗಿ ನಡುವೇ ಇನ್ನೂ ಬೇಗ ಹೋಗುತ್ತದೆ, ಹಿಡಿತವೂ ತಪ್ಪುತ್ತದೆ. ಗಾಳಿ ನೋಡಬೇಕಾದ್ದು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿದ್ದಾಗ. ಇಪ್ಪತ್ತು ಮೈಲಿ ಓಡಿಸಿ ಬಂಕಿಗೆ ಹೋಗಿ ನೋಡಿದರೆ ಗೇಜು ಹೆಚ್ಚೇ ತೋರಿಸುತ್ತದೆ.

ಮುಂದಿನ ಟೈರಿನ ಕಥೆ ಬೇರೆ. ಮೇಸ್ತ್ರಿ ಅಂಗೈಯನ್ನು ಟೈರಿನ ಮೇಲೆ ಒಂದು ದಿಕ್ಕಿಗೆ ಸವರಿದರು, ನುಣುಪು. ಎದುರು ದಿಕ್ಕಿಗೆ ಸವರಿದರು, ಗರಗಸದ ಹಲ್ಲು! ರಬ್ಬರಿನ ಒಂದೊಂದು ತುಂಡೂ ಒಂದು ಕಡೆ ಸವೆದು ಇನ್ನೊಂದು ಕಡೆ ಎದ್ದು ನಿಂತಿತ್ತು. ಹಿಂಗಾಗಲು ಕಾರಣ ಹಲವು. ಮುಂದಿನ ಬ್ರೇಕನ್ನು ಜೋರಾಗಿ ಒತ್ತುವ ಚಾಳಿ, ಕಡಿಮೆ ಗಾಳಿ, ಸೊರಗಿದ ಫೋರ್ಕ್, ಸಡಿಲವಾದ ಹ್ಯಾಂಡಲ್ ಬೇರಿಂಗ್, ತೂಕ ಸರಿಗೂಡಿಸದ ಚಕ್ರ. ಇವನ್ನು ನೋಡದೆ ಬರೀ ಟೈರ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಹಿಂದಿನ ಟೈರು ಒಂದೇ ಪಕ್ಕ ಸವೆದಿದ್ದರೆ ಚೈನ್ ಬಿಗಿ ಮಾಡುವ ಕಡೆ ಕಣ್ಣು ಹಾಕಬೇಕು. ಎರಡೂ ಬದಿಯ ಗುರುತು ಸಮ ಇರದಿದ್ದರೆ ಚಕ್ರ ಓರೆಯಾಗಿ ಕೂತಿದೆ ಎಂದರ್ಥ. ಆದರೆ ಬಲಗಡೆ ತುಸು ಹೆಚ್ಚು ಸವೆದರೆ ಗಾಬರಿ ಬೇಡ. ಮಳೆ ನೀರು ಹರಿಯಲೆಂದು ರಸ್ತೆಯ ನಡು ಎತ್ತರಿಸಿರುತ್ತಾರೆ. ನಾವು ಓಡಿಸುವುದು ಎಡಗಡೆ. ಬೈಕು ನೆಟ್ಟಗಿದ್ದರೂ ನೆಲ ಎಡಕ್ಕೆ ಇಳಿಜಾರು. ಹೀಗಾಗಿ ಟೈರಿನ ಬಲಮೈ ಹೆಚ್ಚು ತಿಕ್ಕುತ್ತದೆ.

ಯಾವುದು ಕೊಳ್ಳಬೇಕು?

ಹುಡುಗನಿಗೆ ರೇಸಿನ ಟೈರ್ ಮೇಲೆ ಕಣ್ಣು. ಮೇಸ್ತ್ರಿ ಒಪ್ಪಲಿಲ್ಲ. ರೇಸಿನ ಟೈರಿನ ರಬ್ಬರ್ ಮೆದು. ಚೆನ್ನಾಗಿ ಕಾದರೆ ಮಾತ್ರ ಹಿಡಿತ, ಸವೆಯುವುದೂ ಬೇಗ. ಬರೀ ದೂರದ ಓಟಕ್ಕೆ ಮಾಡಿದ ಗಟ್ಟಿ ಟೈರು ಬಾಳಿಕೆ ಬರುತ್ತದೆ, ತಿರುವಿನಲ್ಲಿ ಅಷ್ಟು ಧೈರ್ಯ ಕೊಡುವುದಿಲ್ಲ. ಇವೆರಡರ ನಡುವಿನದೇ ಸ್ಪೋರ್ಟ್ ಟೂರಿಂಗ್. ಮಿಶೆಲಿನ್ ರೋಡ್ 5, ಪಿರೆಲ್ಲಿ ಏಂಜಲ್ ಜಿಟಿ ಈ ಜಾತಿಯವು. ಇಂಥವುಗಳಲ್ಲಿ ಹಲವಕ್ಕೆ ನಡುವೆ ಗಟ್ಟಿ ರಬ್ಬರ್, ಅಂಚಿನಲ್ಲಿ ಮೆದು ರಬ್ಬರ್ ಇರುತ್ತದೆ. ರಬ್ಬರಿನಲ್ಲಿ ಸಿಲಿಕಾ ಬೆರೆಸಿರುವುದರಿಂದ ಒದ್ದೆ ರಸ್ತೆಯಲ್ಲೂ, ತಣ್ಣಗಿದ್ದಾಗಲೂ ಕಚ್ಚಿ ಹಿಡಿಯುತ್ತದೆ. ವಾರವೆಲ್ಲ ಹೆದ್ದಾರಿ, ಆಗೊಮ್ಮೆ ಘಾಟಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿದೆ.

ಟೈರಿನ ಪಕ್ಕೆಯ ಮೇಲೆ ಇರುವುದೆಲ್ಲ ಜಾತಕ. 150/60 R17 66H ಎಂದಿದ್ದರೆ ಅಗಲ 150 ಮಿಲಿಮೀಟರ್, ಎತ್ತರ ಅದರ ನೂರಕ್ಕೆ ಅರವತ್ತು, ರೇಡಿಯಲ್ ಕಟ್ಟು, 17 ಇಂಚಿನ ರಿಮ್ಮು, 300 ಕಿಲೋ ಭಾರ, ಗಂಟೆಗೆ 210 ಕಿಲೋಮೀಟರ್ ತನಕ ತಾಳಿಕೆ. ಕಂಪನಿ ಹೇಳಿದ ಅಳತೆ ಬಿಟ್ಟು ದಪ್ಪ ಟೈರು ತುರುಕುವ ಖಯಾಲಿ ಬೇಡ. ಕಿರಿದಾದ ರಿಮ್ಮಿನಲ್ಲಿ ದಪ್ಪ ಟೈರು ಮುದುಡಿ ಆಕಾರ ಕೆಡುತ್ತದೆ.

ಹುಡುಗ ಬೇರೆ ಊರಿನಲ್ಲಿ ಅರ್ಧ ಬೆಲೆಗೆ ಒಂದು ವಿದೇಶಿ ಟೈರು ನೋಡಿಟ್ಟಿದ್ದ. ಫೋನಿನಲ್ಲಿ ಅದರ ಫೋಟೋ ತೋರಿಸಿದ. ಮೇಸ್ತ್ರಿ ಕಣ್ಣು ಕಿರಿದು ಮಾಡಿ ನಾಲ್ಕು ಅಂಕಿ ಓದಿದರು: 1119. ಅಂದರೆ 2019ನೇ ಇಸವಿಯ ಹನ್ನೊಂದನೇ ವಾರ ತಯಾರಾದದ್ದು! ಮೊದಲೆರಡು ಅಂಕಿ ವಾರ, ಕಡೆಯ ಎರಡು ವರ್ಷ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿತು. ಆಗ ವಿದೇಶಿ ಟೈರಿಗೆ ಬರ ಬಂತು. ಮೂಲೆಯಲ್ಲಿದ್ದ ಹಳೇ ಸರಕಿಗೂ ಗಿರಾಕಿ ಹುಟ್ಟಿದ. ಓಡದೆ ಬಿದ್ದಿದ್ದರೂ ರಬ್ಬರಿಗೆ ಮುಪ್ಪು ತಪ್ಪುವುದಿಲ್ಲ, ಒಣಗಿ ಗಟ್ಟಿಯಾಗುತ್ತದೆ. "ಸೀರೆ ಹಳೇದಾದ್ರೆ ಬಣ್ಣ ಹೋಗುತ್ತೆ. ಟೈರು ಹಳೇದಾದ್ರೆ ಪ್ರಾಣ ಹೋಗುತ್ತೆ ಯಜಮಾನ್ರೇ" ಎಂದರು ಮೇಸ್ತ್ರಿ.

ಕಡೆಗೆ ಬಯಲಾಗಿದ್ದು

ಯಜಮಾನರು ಮರುಮಾತಿಲ್ಲದೆ ಎರಡೂ ಟೈರಿಗೆ ದುಡ್ಡು ಎಣಿಸಿದರು. ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರುವಂತೆ ಟೈರು ಕೂರಿಸಿ, ತೂಕ ಸರಿಗೂಡಿಸಿ, ಹ್ಯಾಂಡಲ್ ಬೇರಿಂಗ್ ಬಿಗಿ ಮಾಡಿದ್ದಾಯಿತು. "ಹೊಸ ಟೈರು ಜಾರುತ್ತೆ, ಮೊದಲ ನೂರು ಕಿಲೋಮೀಟರ್ ನಿಧಾನ ಕಣಪ್ಪ" ಎಂಬ ಎಚ್ಚರಿಕೆಯೂ ಸಿಕ್ಕಿತು.

ಹೊರಡುವಾಗ ಮೇಸ್ತ್ರಿಯ ಕಣ್ಣು ಯಜಮಾನರ ಸ್ಕೂಟರ್ ಮೇಲೆ ಬಿತ್ತು. ಬಗ್ಗಿ ನೋಡಿದರು. ಮಾತಾಡಲಿಲ್ಲ. ಮಗನನ್ನು ಕರೆದು ತೋರಿಸಿದರು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ದ್ವಿಚಕ್ರ ವಾಹನದ ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಒಳಗಿನ ನೂಲು ಹೊರಗೆ ಕಾಣಲೇಬಾರದು. ಏಳು ವರ್ಷ ಓಡಿದೆ ಎಂದು ಬೀಗಿದ್ದ ಸ್ಕೂಟರಿನ ಹಿಂದಿನ ಟೈರಿನಲ್ಲಿ ಗೀರು ಎಂಬುದೇ ಇರಲಿಲ್ಲ. ಬಟ್ಟೆ ವ್ಯಾಪಾರಿಯ ಟೈರಿನಲ್ಲೇ ಬಟ್ಟೆ ಇಣುಕುತ್ತಿತ್ತು!

"ಅಪ್ಪಾ, ಇದಕ್ಕೆ ದುಡ್ಡು ನಾನ್ ಕೊಡ್ತೀನಿ" ಅಂದ ಮಗ.

ಯಜಮಾನರು ಅಂದು ಮನೆಗೆ ಹೋಗಿದ್ದು ಸಿಟಿ ಬಸ್ಸಿನಲ್ಲಿ. ನಿಮ್ಮ ಗಾಡಿಯ ಟೈರನ್ನು ನೀವು ಬಗ್ಗಿ ನೋಡಿ ಎಷ್ಟು ದಿನವಾಯಿತು?