ಕೆಡಿಸಿದವರೇ ತೆರಬೇಕು ಸರಿ, ತೆತ್ತವರು ಯಾರು?

ಪಡ್ರೆ, ಸ್ವರ್ಗ, ಎಣ್ಮಕಜೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಎಂಡೋಸಲ್ಫಾನ್. ಆ ಸಂಗತಿ ಮುಗಿಯಿತಲ್ಲ, ಪರಿಹಾರವೂ ಬಂತಲ್ಲ ಅಂತ ವ್ಯಾಪಾರಿ ಮಿತ್ರರೊಬ್ಬರು ಈಚೆಗೆ ನನ್ನಲ್ಲಿ ಹೇಳಿದರು. ಮುಗಿದದ್ದು ಯಾವುದು, ಬಾಕಿ ಉಳಿದದ್ದು ಯಾವುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನಮ್ಮ ಕಡೆಯ ಭೂಮಿಯ ಕ್ರಮ ನಿಮಗೆ ಗೊತ್ತೇ ಉಂಟು. ಗುಡ್ಡದ ಮೇಲೆ ಗೇರು. ತಗ್ಗಿನಲ್ಲಿ ಅಡಿಕೆ ತೋಟ, ಮನೆ, ಬಾವಿ, ಸುರಂಗ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳಿಗೆ ಟೀ ಸೊಳ್ಳೆಯ ಕಾಟವೆಂದು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಈ ಮದ್ದು ಸುರಿಸಿತು. ಮೇಲೆ ಬಿದ್ದದ್ದು ಮಳೆಯಲ್ಲಿ ಕೆಳಗೆ ಇಳಿಯದೆ ಎಲ್ಲಿಗೆ ಹೋಗಬೇಕು? ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ಗಮನಿಸಿ ಸಂಶಯ ಎತ್ತಿದರು. ಶ್ರೀಪಡ್ರೆಯವರು ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು.

ಕೋರ್ಟಿನ ದಾರಿ ತೆರೆದದ್ದು ದೊಡ್ಡ ವಕೀಲರಲ್ಲ, ಕೃಷಿ ಇಲಾಖೆಯ ಒಬ್ಬ ಸಾಮಾನ್ಯ ನೌಕರೆ. ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು. 2000ದಲ್ಲಿ ಸಿಂಪಡಣೆಗೆ ತಡೆ ಸಿಕ್ಕಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆ ಮೂರನ್ನೂ ನಿಲ್ಲಿಸಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು.

ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟಿನ ಎದುರು ಬಂದ ಲೆಕ್ಕ ನೋಡಿ: 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಜನರಿಗೆ. ಆ ಎಂಟು ಮಂದಿ ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿ ಪುನಃ ಕೋರ್ಟಿಗೆ ಹೋದವರು. ಉಳಿದವರಿಗೆ ಹಣ ಹಂಚಲು ಸರಕಾರ ಗಡಿಬಿಡಿ ಮಾಡಿದ್ದು ಆಮೇಲೆ.

ಈಗ ನನ್ನ ಪ್ರಶ್ನೆ. ಕೆಡಿಸಿದವನೇ ತೆರಬೇಕು ಎಂಬುದು ನಮ್ಮ ದೇಶದ ಕಾನೂನು. ಆದರೆ 2017ರ ಆಜ್ಞೆಯಂತೆ ಮೊದಲು ಬಿಚ್ಚಬೇಕಾದದ್ದು ಕೇರಳದ ಖಜಾನೆ. ಮದ್ದು ತಯಾರಿಸಿದವರಿಂದಲೋ ಕೇಂದ್ರದಿಂದಲೋ ಅದನ್ನು ವಸೂಲು ಮಾಡುವ ದಾರಿಯನ್ನು ಕೋರ್ಟು ರಾಜ್ಯಕ್ಕೇ ಬಿಟ್ಟಿತು. ಖಜಾನೆಯ ಹಣ ಎಂದರೆ ನಾವು ನೀವು ಕಟ್ಟಿದ ತೆರಿಗೆ, ಬೇರೆಂತದೂ ಅಲ್ಲ.

ಇದನ್ನು ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯ ತೀರ್ಪಿನ ಜೊತೆ ಇಟ್ಟು ನೋಡಬೇಕು. ಉದಯಪುರದ ಹತ್ತಿರದ ಆ ಊರಿನಲ್ಲಿ ರಾಸಾಯನಿಕ ಕಾರ್ಖಾನೆಗಳ ಕೊಳೆ ಇಂಗಿ ಬಾವಿನೀರು ಕುಡಿಯಲಿಕ್ಕೂ ಇಲ್ಲ, ಗದ್ದೆಗೂ ಇಲ್ಲ ಎಂದಾಯಿತು. 1996ರಲ್ಲಿ ಸುಪ್ರೀಂ ಕೋರ್ಟು, ಅಪಾಯದ ಉದ್ಯಮ ನಡೆಸುವವನು ಎಷ್ಟೇ ಜಾಗ್ರತೆ ವಹಿಸಿದ್ದರೂ ಆದ ನಷ್ಟ ಅವನದ್ದೇ, ಮಣ್ಣು ನೀರು ಸರಿಮಾಡುವ ಖರ್ಚೂ ಅವನದ್ದೇ ಎಂದಿತು. ಕಂಪೆನಿ ಅರ್ಜಿಯ ಮೇಲೆ ಅರ್ಜಿ ಹಾಕಿ ಎಳೆದಾಡಿತು. 2011ರಲ್ಲಿ ಕೋರ್ಟು 37 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತವನ್ನು ಶೇ. 12ರ ಚಕ್ರಬಡ್ಡಿ ಸಮೇತ ಕಟ್ಟಲು ಹೇಳಿತು. ಕೇಸು ಎಳೆದವನಿಗೆ ಬಡ್ಡಿ ಬೆಳೆಯುತ್ತದೆ ಎಂಬ ಪಾಠ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಇನ್ನೊಂದು ಮಾತು ಸ್ಥಿರವಾಯಿತು: ತನ್ನ ಕೆಲಸದಿಂದ ತೊಂದರೆಯಿಲ್ಲ ಎಂದು ತೋರಿಸುವ ಹೊಣೆ ಉದ್ಯಮಿಯದ್ದು. ಎಂಡೋಸಲ್ಫಾನಿನಲ್ಲಿ ರೋಗಕ್ಕೂ ಮದ್ದಿಗೂ ನಂಟು ಉಂಟೋ ಇಲ್ಲವೋ ಅಂತ ಸಮಿತಿಗಳು ವರ್ಷಗಟ್ಟಲೆ ಚರ್ಚಿಸಿದವು. ಅಷ್ಟರಲ್ಲಿ ಹಾಸಿಗೆ ಹಿಡಿದ ಮಕ್ಕಳು ದೊಡ್ಡವರಾದರು, ಕೆಲವರು ತೀರಿಹೋದರು.

ಬಿಛ್ರಿಯಲ್ಲಿ ಮಣ್ಣು, ಬಾವಿಗಳ ಲೆಕ್ಕವೂ ತೀರ್ಪಿನಲ್ಲಿ ಬಂತು. ನಮ್ಮಲ್ಲಿ ಮನುಷ್ಯರ ಲೆಕ್ಕ ತಡವಾಗಿಯಾದರೂ ಬಂತು, ನೆಲದ ಲೆಕ್ಕ ಉಳಿಯಿತು. ಮಿಂಚಿಪದವಿನ ಗೇರುಗುಡ್ಡೆಯ ಹಾಳುಬಾವಿಯೊಂದಕ್ಕೆ ಉಳಿದ ಮದ್ದು ಹಾಕಿ ಮುಚ್ಚಿದ್ದಾರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದೆ. ಆ ಜಾಗ ಕರ್ನಾಟಕದ ಗಡಿಗೆ ಹತ್ತಿರ. ಗಡಿ ಕಾಗದದಲ್ಲಿ ಮಾತ್ರ, ನೀರಿಗೆ ಗಡಿ ಎಲ್ಲಿಯದು? ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯವರೂ ಇದೇ ಮದ್ದಿನ ಕಷ್ಟ ಉಂಡವರು. ಅಲ್ಲಿನ ಪಟ್ಟಿಯೇ ಬೇರೆ, ಸರಕಾರವೇ ಬೇರೆ.

2010ರ ಹಸಿರು ನ್ಯಾಯಮಂಡಳಿ ಕಾಯಿದೆ ನಮ್ಮಂಥವರಿಗೆ ಉಪಯೋಗದ್ದು. ಕೇರಳ, ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಚೆನ್ನೈ ಪೀಠ. ಸೊಲ್ಲಾಪುರ, ಜತ್ತ, ಗೋವೆಯವರಿಗೆ ಪುಣೆ ಪೀಠ. ಪರಿಹಾರಕ್ಕೂ ಕೆಟ್ಟ ನೆಲ ಸರಿಮಾಡಿಸಲಿಕ್ಕೂ ಅಲ್ಲಿ ಕೇಳಬಹುದು. ಆದರೆ ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷದೊಳಗೆ ಹೋಗಬೇಕು. ಸಕಾರಣವಿದ್ದರೆ ಮತ್ತೆ ಅರುವತ್ತು ದಿನ ಸಿಗಬಹುದು, ಅಷ್ಟೆ. ಬಾವಿನೀರಿನ ಬಣ್ಣ ಬದಲಾದ ದಿನ ಬರೆದಿಡಿ. ನೀರು ಪರೀಕ್ಷೆಯ ವರದಿ, ಆಸ್ಪತ್ರೆ ಚೀಟಿ, ಪಂಚಾಯತಿಗೆ ಕೊಟ್ಟ ದೂರಿನ ಸೀಲು ಬಿದ್ದ ಪ್ರತಿ, ಇವನ್ನು ಅಡಿಕೆ ಮಾರಿದ ಬಿಲ್ಲಿನಷ್ಟೇ ಜೋಪಾನವಾಗಿಡಿ.

ಮನುಷ್ಯನಿಗೆ ಐದು ಲಕ್ಷ ಎಂದು ಕೋರ್ಟು ಹೇಳಿತು. ಬಾವಿಗೆ ಎಷ್ಟು, ಸುರಂಗಕ್ಕೆ ಎಷ್ಟು ಎಂದು ಕೇಳಬೇಕಾದವರು ಅದರ ನೀರು ಕುಡಿಯುವ ನಾವೇ.