ಬಿದಿರು ಬೇಲಿಗೆ ಕಲ್ಲಿನ ಕಾಲು

ಕೈತೋಟಕ್ಕೆ ಬೇಲಿ ಹಾಕಬೇಕೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಈಗ ಮೊದಲು ನೆನಪಾಗುವುದು ಸಿಮೆಂಟ್ ಕಂಬ, ಮುಳ್ಳುತಂತಿ. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರ ನೆನಪಾಗುವುದು ಮದುವೆಗೆ ಮೊರ ಬೇಕಾದಾಗ ಮಾತ್ರ. ಬೇಲಿಯ ಕೆಲಸವೂ ಅವರ ಕೈಗೆ ಮರಳಬೇಕು ಎಂಬುದು ನನ್ನ ವಾದ. ಹಾಗೆಂದು, ಬಿದಿರು ಎಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದೆಂದು ಒಪ್ಪಿಬಿಡಲಾಗದು. ಎರಡೇ ಮಳೆಗಾಲಕ್ಕೆ ಕೊಳೆತು ಬೀಳುವ ಬೇಲಿಗಾಗಿ ಮತ್ತೆ ಮತ್ತೆ ಮೆಳೆ ಕಡಿದರೆ ಉಳಿಸಿದ್ದೇನು? ಯಾವ ಗಳ, ಯಾವಾಗ ಕಡಿದದ್ದು, ನೆಲದ ಮೇಲೆ ಹೇಗೆ ನಿಲ್ಲಿಸಿದ್ದು ಎಂಬುದರಲ್ಲೇ ಎಲ್ಲ ಇದೆ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಒಂದೇ ಮಳೆಗಾಲದಲ್ಲಿ ಕಳಲೆ ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ. ಬಲಿತು ಗಟ್ಟಿಯಾಗಲು 3-4 ವರ್ಷ ಬೇಕು. ಬಲಿತ ಗಳವನ್ನಷ್ಟೇ ಆರಿಸಿ ಕಡಿದರೆ ಮೆಳೆ ಸಾಯುವುದಿಲ್ಲ, ಬುಡದಿಂದ ಹೊಸ ಕಳಲೆ ಏಳುತ್ತಲೇ ಇರುತ್ತದೆ. ಸಿಮೆಂಟಿನ ಕಥೆ ಬೇರೆ. ನಮ್ಮ ಪಕ್ಕದ ಲೋಕಾಪುರ ಸೀಮೆಯಲ್ಲಿ ಸಿಗುವಂಥ ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಕಾವಿನಲ್ಲಿ ಸುಡಬೇಕು. ಸುಡುವ ಕಲ್ಲಿದ್ದಲಿನ ಹೊಗೆ ಒಂದೆಡೆಯಾದರೆ, ಆ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಬಿದಿರು ಬಾಳಿಕೆ ಬರುವುದಿಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಹದ ಮಾಡದ ಗಳವನ್ನು ಮಣ್ಣಿನಲ್ಲಿ ಹೂತರೆ ಒಂದರಿಂದ ಮೂರು ವರ್ಷದೊಳಗೆ ಬುಡ ಹೋಗುತ್ತದೆ. ಬೈಲಹೊಂಗಲದ ಎರೆಮಣ್ಣು ಮಳೆಗೆ ಉಬ್ಬಿ ದಿನಗಟ್ಟಲೆ ತೇವ ಹಿಡಿದಿರುತ್ತದೆ, ಬೇಸಿಗೆಗೆ ಬಿರಿಯುತ್ತದೆ; ಅಲ್ಲಿ ಹೂಳುವುದಂತೂ ಬೇಡವೇ ಬೇಡ. ಕುಟ್ಟೆಹುಳು ಬರುವುದು ಗಳದೊಳಗಿನ ಪಿಷ್ಟಕ್ಕಾಗಿ. ಎಳೆ ಗಳ ಬಿಟ್ಟು ಬಲಿತದ್ದನ್ನು ಚಳಿಗಾಲದಲ್ಲಿ ಕಡಿದು, ಕೆಲವು ವಾರ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸುವ ಹಳೆಯ ಪದ್ಧತಿಗೆ ಇದೇ ಕಾರಣ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವೂ ಹುಳುವನ್ನು ತಡೆಯುತ್ತದೆ. ಆದರೆ ಅದು ನೀರಿನಲ್ಲಿ ಕರಗುವ ವಸ್ತು, ಬಯಲಿನ ಬೇಲಿಯಲ್ಲಿ ಮಳೆಗೆ ತೊಳೆದುಹೋಗುತ್ತದೆ. ಅದನ್ನೊಂದೇ ನೆಚ್ಚಿಕೊಳ್ಳುವ ಸಲಹೆಯನ್ನು ನಾನು ಒಪ್ಪಲಾರೆ. ಸವದತ್ತಿ, ರಾಮದುರ್ಗದ ಸುತ್ತ ಮರಳುಗಲ್ಲಿನ ಗುಡ್ಡಗಳಿವೆ. ನೆಲದೊಳಗೆ ಕಲ್ಲುಕಂಬ ಇರಲಿ, ಅದಕ್ಕೆ ಬಿದಿರಿನ ತಟ್ಟಿಯನ್ನು ಗೇಣೆತ್ತರಕ್ಕೆ ಎತ್ತಿ ಕಟ್ಟಿದರೆ ತೇವವೂ ತಾಗದು, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ. ಗಳದ ತುದಿಯನ್ನು ಗಿಣ್ಣಿನ ಮೇಲೆಯೇ ಕತ್ತರಿಸಿದರೆ ಒಳಗೆ ಮಳೆನೀರು ನಿಲ್ಲದು.

ಇನ್ನೊಂದು ಆಕ್ಷೇಪ ಕಾಡಿನದು, ಅದು ಇನ್ನೂ ಗಂಭೀರ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆಗೆ ಕಾಡಿನ ಬಿದಿರು ತೀರ ಅಗ್ಗದ ದರಕ್ಕೆ ಸಿಕ್ಕಿತು, ಬುಟ್ಟಿ ಹೆಣೆಯುವವರಿಗೆ ಅದೇ ಬಿದಿರು ದುಬಾರಿಯಾಯಿತು. ಉತ್ತರ ಕನ್ನಡದ ಮೆಳೆಗಳನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳ್ ಕಂಡದ್ದು ಬೇಲಿಯ ವಿಷಯವೇ: ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸ್ವಚ್ಛ ಮಾಡಿದಲ್ಲಿ ಎಳೆಯ ಕಳಲೆ ದನಗಳ ಬಾಯಿಗೆ ಹೋಯಿತು. ಬಿದಿರು ತನಗೆ ತಾನೇ ಕಟ್ಟಿಕೊಂಡ ಬೇಲಿಯನ್ನು ಮನುಷ್ಯ ಕಿತ್ತಿದ್ದ; ಊರವರು ಇದನ್ನು ಮೊದಲೇ ಹೇಳಿದ್ದರು. ಆದ್ದರಿಂದ ಬೇಲಿಯ ಬಿದಿರು ಕಾಡಿನಿಂದಲ್ಲ, ಹೊಲದ ಬದುವಿನಿಂದ ಬರಬೇಕು. 2017ರ ನವೆಂಬರಿನಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ' ಎಂಬ ವ್ಯಾಖ್ಯೆಯಿಂದ ಕೈಬಿಟ್ಟ ಮೇಲೆ ರೈತನಿಗೆ ಇದು ಸುಲಭವಾಗಿದೆ. ಮುಳ್ಳಿಲ್ಲದ, ಹೆಚ್ಚುಕಡಿಮೆ ಗಟ್ಟಿ ಗಳದ 'ಮಾರಿಹಾಳ' ಬಿದಿರು ಪಶ್ಚಿಮ ಘಟ್ಟದ್ದೇ ತಳಿ. ನಾಲ್ಕು ತಾಲ್ಲೂಕುಗಳಲ್ಲಿ ಘಟ್ಟಕ್ಕೆ ಹತ್ತಿರವಿರುವ ಕಿತ್ತೂರಿನ ಬದುಗಳಿಗೆ ಅದು ಸಲ್ಲುತ್ತದೆ. ಒಣ ಸೀಮೆಯಾದ ರಾಮದುರ್ಗ ಅಲ್ಲಿಂದ ತರಿಸಿಕೊಂಡರೂ ದೂರವೇನಲ್ಲ.

ಬೆಲೆಯ ಲೆಕ್ಕದಲ್ಲಿ ದುರಸ್ತಿಯನ್ನು ಸೇರಿಸಬೇಕು. ತಟ್ಟಿಯಲ್ಲಿ ಹಾಳಾದ ದಬ್ಬೆಯನ್ನಷ್ಟೇ ತೆಗೆದು ಬೇರೊಂದು ಸೇರಿಸಿದರೆ ಸಾಕು, ಆ ಕೂಲಿ ಊರಲ್ಲೇ ಉಳಿಯುತ್ತದೆ. ವಚನಕಾರ ಮೇದಾರ ಕೇತಯ್ಯ 12ನೇ ಶತಮಾನದಲ್ಲಿ ಕಾಯಕವಾಗಿ ಮಾಡಿದ ಕೆಲಸವಿದು. ಇಂದು ಹೆಣೆಯುವವರ ಕೈ ಖಾಲಿ ಕೂತಿದ್ದರೆ, ಪ್ಲಾಸ್ಟಿಕ್ ಬುಟ್ಟಿಯ ಎದುರು ನಾವು ಅವರಿಗೆ ಬೇರೆ ಕೆಲಸ ಕೊಡದಿರುವುದೂ ಕಾರಣ. ಬರುವ ಮಳೆಗಾಲಕ್ಕೆ ಬೇಲಿ ಬೇಕೆನ್ನುವವರು ದೀಪಾವಳಿ ಕಳೆಯುತ್ತಲೇ ಮೇದಾರರಲ್ಲಿ ಹೇಳಿಡಬೇಕು. ಚಳಿಗಾಲದಲ್ಲಿ ಕಡಿದ ಗಳ ನೆನೆದು, ಒಣಗಿ, ಸೀಳಿ ತಟ್ಟಿಯಾಗುವ ಹೊತ್ತಿಗೆ ಯುಗಾದಿ ಬಂದಿರುತ್ತದೆ.